ಸಾಫ್ಟ್‌ವೇರ್ ಗಿರಣಿಯ ಮಾಲೇ?

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಎಸ್.ಎಸ್.ಸಿ. ಮತ್ತು ಹನ್ನೆರಡನೆಯ ಇಯತ್ತೆಯಲ್ಲಿ ಉತ್ತೀರ್ಣರಾದ ಮಕ್ಕಳ ಸತ್ಕಾರ ಸಮಾರಂಭ ಜರುಗಿತು. ಮುಖ್ಯ ಅತಿಥಿಗಳಾಗಿ ಬಂದವರು ಸಾಫ್ಟ್‌ವೇರ್ ರಂಗದಲ್ಲಿ ದೊಡ್ಡ ಹುದ್ದೆಯಲ್ಲಿರುವ ಕನ್ನಡಿಗರು. ಸಜ್ಜನರು, ಹೂಗುಚ್ಛ ಬೇಡವೆಂದು ಆ ದುಡ್ಡನ್ನು ಮಕ್ಕಳ ಪುಸ್ತಕಕ್ಕೆ ಕೊಡಿಸಿದರು. ಆದರೆ ಭಾಷಣದಲ್ಲಿ ಅವರು ಆಡಿದ ಒಂದು ಮಾತು ನಮ್ಮ ಗಂಟಲಲ್ಲಿ ಇಳಿಯಲಿಲ್ಲ. ಸಾಫ್ಟ್‌ವೇರ್ ಎಂದರೆ ಇಂದು ಮೋಟಾರು ಕಾರಖಾನೆಯ ಅಸೆಂಬ್ಲಿ ಲೈನು ಇದ್ದ ಹಾಗೆ. ಒಬ್ಬನು ಒಂದು ತಿರುಪು ಬಿಗಿಯಬೇಕು, ಮುಂದಿನವನಿಗೆ ಸಾಗಿಸಬೇಕು. ಬುದ್ಧಿ ವ್ಯವಸ್ಥೆಯಲ್ಲಿರಬೇಕೇ ಹೊರತು ವ್ಯಕ್ತಿಯಲ್ಲಲ್ಲ. ಈಗಂತೂ ಯಂತ್ರವೇ ಪ್ರೋಗ್ರಾಮು ಬರೆಯುತ್ತದೆ, ಆದ್ದರಿಂದ ಲೈನು ಇನ್ನೂ ಜೋರಾಗಿ ಓಡುತ್ತದೆ, ಮಕ್ಕಳು ಅದಕ್ಕೆ ಹೊಂದಿಕೊಳ್ಳಬೇಕು — ಇದು ಅವರ ಮಾತಿನ ಸಾರ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಹಿಂದೆ ಉಪ್ಪಿಟ್ಟು ಶಿರಾ ಕಾದಿತ್ತು, ಹೊತ್ತೂ ಆಗಿತ್ತು. ಮನೆಗೆ ಮರಳುವಾಗ ಲೋಕಲ್ ಗಾಡಿಯಲ್ಲಿ ನಿಂತುಕೊಂಡು, ತಟ್ಟಬಾರದಿತ್ತು ಎನಿಸಿತು. ಆ ಚಪ್ಪಾಳೆಯನ್ನು ಹಿಂತೆಗೆದುಕೊಳ್ಳುವುದಕ್ಕಾಗಿ ಈ ಲೇಖನ.

ಕಾರಕೂನರಿಗೆ ಇದರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಮುಂಬಯಿಗೆ ಬಂದು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಕಡತ ಹೊರುತ್ತಿರುವವರು ನಾವು. ಕಚೇರಿಯ ಹೆಸರನ್ನು ಹೇಳುವುದಿಲ್ಲ; ನಡವಳಿಕೆ ನಿಯಮಗಳು ಇನ್ನೂ ಜಾರಿಯಲ್ಲಿವೆ. ಆದರೆ ಲೈನು ಎಂದರೇನು ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಟಪಾಲು ಬಂತು, ದಾಖಲೆಯ ನಂಬರು ಬಿತ್ತು, ಕಾರಕೂನನು ಟಿಪ್ಪಣಿ ಬರೆದ, ಮೇಲಿನವರು ಸಹಿ ಹಾಕಿದರು, ರವಾನೆ ವಿಭಾಗ ಲಕೋಟೆ ಅಂಟಿಸಿತು. ಇದು ಲೈನಲ್ಲದೆ ಮತ್ತೇನು? ಇನ್ನು ಸಾಫ್ಟ್‌ವೇರಿನ ಮಾತು. ಅದನ್ನು ಬರೆಯುವವರು ನಮ್ಮ ನಿಮ್ಮ ಮಕ್ಕಳು, ಅದರ ಫಲ ಉಣ್ಣುವವರು ನಮ್ಮಂಥವರು. ಎರಡೂ ಕಡೆಯಿಂದ ನಮಗೆ ಮಾತಾಡುವ ಹಕ್ಕಿದೆ.

ಮೊದಲು ಅತಿಥಿಗಳು ಪೂಜಿಸಿದ ಆ ಲೈನಿನ ಮೂಲಕ್ಕೇ ಹೋಗೋಣ. ಅಮೆರಿಕದ ಡೆಟ್ರಾಯ್ಟ್ ಬಳಿಯ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡರ ಕಾರಖಾನೆ 1913ರಲ್ಲಿ ಚಲಿಸುವ ಲೈನನ್ನು ಹೂಡಿತು. ಒಂದು ಚಾಸಿ ಜೋಡಿಸಲು ಮೊದಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. ಮರುವರ್ಷ ಅದು 93 ನಿಮಿಷಕ್ಕೆ ಇಳಿಯಿತು. ಸಾಧನೆ ಸಣ್ಣದಲ್ಲ. ಆದರೆ ಅದೇ 1913ರಲ್ಲಿ ಸುಮಾರು 14 ಸಾವಿರ ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಆ ಕಾರಖಾನೆ 50 ಸಾವಿರಕ್ಕೂ ಮಿಕ್ಕಿ ಜನರನ್ನು ನೇಮಿಸಬೇಕಾಯಿತು. ದಿನವಿಡೀ ಒಂದೇ ತಿರುಪು ಬಿಗಿದು ಬೇಸತ್ತವರು ಓಡಿಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡರು ದಿನಕ್ಕೆ 5 ಡಾಲರ್ ಸಂಬಳ ಘೋಷಿಸಿದ್ದು ಧರ್ಮಬುದ್ಧಿಯಿಂದಷ್ಟೇ ಅಲ್ಲ, ಈ ಓಟವನ್ನು ನಿಲ್ಲಿಸುವುದಕ್ಕೂ.

ಇನ್ನೊಂದು ಸಂಗತಿಯನ್ನು ಇಂಥ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಒಂದೂವರೆ ಕೋಟಿ ಮಾಡೆಲ್ ಟಿ ಗಾಡಿಗಳನ್ನು ಹೆತ್ತ ಬಳಿಕ 1927ರಲ್ಲಿ ಫೋರ್ಡರು ಹೊಸ ಮಾದರಿಗೆ ಹೊರಳಬೇಕಾಯಿತು. ಮೇ ತಿಂಗಳಲ್ಲಿ ಹಳೆಯ ಗಾಡಿಯ ಕೆಲಸ ನಿಂತಿತು. ಹೊಸ ಮಾಡೆಲ್ ಎ ಜನರ ಮುಂದೆ ಬಂದದ್ದು ಡಿಸೆಂಬರಿನಲ್ಲಿ. ನಡುವೆ ತಿಂಗಳುಗಟ್ಟಲೆ ಲೈನು ತಣ್ಣಗೆ ಮಲಗಿತ್ತು. ಮಾಡುವ ವಸ್ತು ಬದಲಾಗದೆ ಇರುವತನಕ ಲೈನು ರಾಜ, ಬದಲಾದ ದಿನ ಅದು ಕಬ್ಬಿಣದ ರಾಶಿ. ಸಾಫ್ಟ್‌ವೇರ್ ಎಂಬುದೋ, ಬದಲಾಗುವುದಕ್ಕೇ ಹುಟ್ಟಿದ ವಸ್ತು. ಸರಕಾರದ ಒಂದು ಸುತ್ತೋಲೆ ಬಂದರೆ ಮರುದಿನವೇ ಅದು ಬದಲಾಗಬೇಕು.

ಅತಿಥಿಗಳ ಹೋಲಿಕೆ ಬುಡದಲ್ಲೇ ಎಡವಿದೆ ಎನ್ನಲು ನಮ್ಮ ಕಚೇರಿಯದೇ ಒಂದು ಉದಾಹರಣೆ ಸಾಕು. ನಾವು ಕೆಲಸಕ್ಕೆ ಸೇರಿದಾಗ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಒಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಅದರ ಹಿಡಿಕೆ ತಿರುಗಿಸುತ್ತಿದ್ದ ಮುದುಕರೊಬ್ಬರು ನಿವೃತ್ತಿಯ ಅಂಚಿನಲ್ಲಿದ್ದರು. ಒಂದು ಸುತ್ತೋಲೆಯ ಐನೂರು ಪ್ರತಿ ತೆಗೆಯುವುದು ಅವರ ಕೆಲಸ. ಅದೇ ಸುತ್ತೋಲೆಯ ಕರಡು ಬರೆಯುವುದು ವಿಭಾಗದ ಸಹಾಯಕರ ಕೆಲಸ. ಪ್ರತಿ ತೆಗೆಯುವುದನ್ನು ಲೈನಿಗೆ ಹಾಕಬಹುದು: ಒಬ್ಬನು ಕಾಗದ ಕೊಡಲಿ, ಒಬ್ಬನು ಹಿಡಿಕೆ ತಿರುಗಿಸಲಿ, ಒಬ್ಬನು ಪಿನ್ನು ಹೊಡೆಯಲಿ. ಕರಡನ್ನು ಹಾಗೆ ಬರೆಯಿಸಿ ನೋಡಿ! ಮೊದಲ ವಾಕ್ಯ ಒಬ್ಬನು, ಎರಡನೆಯದು ಮತ್ತೊಬ್ಬನು, ಇಬ್ಬರಿಗೂ ವಿಷಯ ಗೊತ್ತಿಲ್ಲ. ಸಾಫ್ಟ್‌ವೇರಿನಲ್ಲಿ ಪ್ರತಿ ತೆಗೆಯುವ ಕೆಲಸಕ್ಕೆ ಖರ್ಚೇ ಇಲ್ಲ. ಒಂದು ಗುಂಡಿ ಒತ್ತಿದರೆ ಲಕ್ಷ ಪ್ರತಿ. ಉಳಿಯುವುದೆಲ್ಲ ಕರಡೇ. ಕಾರಖಾನೆಯ ಲೈನು ಕಾರಿನ ಪ್ರತಿಗಳನ್ನು ತೆಗೆಯುತ್ತದೆಯೇ ಹೊರತು ಕಾರಿನ ನಕ್ಷೆಯನ್ನು ಬರೆಯುವುದಿಲ್ಲ. ಫೋರ್ಡರೂ ತಮ್ಮ ನಕ್ಷೆಗಾರರನ್ನು ಲೈನಿನ ಮೇಲೆ ಕೂರಿಸಲಿಲ್ಲ.

ಇದು ಬರಿಯ ತರ್ಕವಲ್ಲ, ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಜೇಬಿಗೆ ತಾಗಿದ ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ರಜೆಯ ಲೆಕ್ಕಕ್ಕೆಂದು ಹೊಸ ಸಾಫ್ಟ್‌ವೇರ್ ಬಂತು. ಮಾಡಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಕೇಂದ್ರ ನೌಕರರ ಗಳಿಕೆ ರಜೆಯ ನಿಯಮ ಈ ಪತ್ರಿಕೆಯ ಅನೇಕ ಓದುಗರಿಗೆ ಬಾಯಿಪಾಠವೇ ಇದೆ: ಜನವರಿ ಒಂದಕ್ಕೆ 15 ದಿನ, ಜುಲೈ ಒಂದಕ್ಕೆ 15 ದಿನ ಮುಂಗಡವಾಗಿ ಜಮಾ ಆಗುತ್ತದೆ, ಖಾತೆಯಲ್ಲಿ ಕೂಡಿಡಬಹುದಾದ ಮಿತಿ 300 ದಿನ. ಆದರೆ ಅದರೊಳಗೊಂದು ಸೂಕ್ಷ್ಮವಿದೆ. ಖಾತೆಯಲ್ಲಿ 285ಕ್ಕಿಂತ ಹೆಚ್ಚು ದಿನ ಇದ್ದರೆ ಹೊಸ 15 ದಿನವನ್ನು ಅದರಲ್ಲಿ ಬೆರೆಸದೆ ಪ್ರತ್ಯೇಕವಾಗಿ ಇಡಬೇಕು. ಆ ಅರ್ಧ ವರ್ಷದಲ್ಲಿ ತೆಗೆದ ರಜೆಯನ್ನು ಮೊದಲು ಈ 15ರಲ್ಲಿ ಕಳೆಯಬೇಕು. ಉಳಿದದ್ದನ್ನು ಅರ್ಧ ವರ್ಷದ ಕೊನೆಗೆ ಮಾತ್ರ 300ರ ಮಿತಿಗೊಳಪಟ್ಟು ಕೂಡಿಸಬೇಕು. ಸೇವಾ ಪುಸ್ತಕದಲ್ಲಿ ನಾವು 295+15 ಎಂದು ಬರೆಯುವುದು ಇದಕ್ಕಾಗಿಯೇ.

ನಮ್ಮ ಹಿರಿಯರ ಖಾತೆಯಲ್ಲಿ ಡಿಸೆಂಬರ್ 31ಕ್ಕೆ ಇದ್ದದ್ದು 295 ದಿನ. ಮಾರ್ಚಿನಲ್ಲಿ ಗದಗಿನಲ್ಲಿ ಮಗಳ ಮದುವೆ, 8 ದಿನ ರಜೆ ತೆಗೆದರು. ಜೂನ್ 30ಕ್ಕೆ ನಿವೃತ್ತಿ. ನಿಯಮದ ಪ್ರಕಾರ 15ರಲ್ಲಿ 8 ಹೋಗಿ 7. 295ಕ್ಕೆ 7 ಕೂಡಿದರೆ 302. ಮಿತಿಯಂತೆ 300 ದಿನದ ನಗದು ಅವರಿಗೆ ಸಲ್ಲಬೇಕು. ಆದರೆ ಗಣಕ ಜನವರಿ ಒಂದಕ್ಕೇ 295ಕ್ಕೆ 15 ಕೂಡಿ, 310ನ್ನು 300ಕ್ಕೆ ಕತ್ತರಿಸಿತ್ತು. ಅದರಲ್ಲಿ 8 ಕಳೆದು 292. ಎಂಟು ದಿನದ ಸಂಬಳ, ಅದರ ಮೇಲಿನ ತುಟ್ಟಿಭತ್ಯೆ, ಎಲ್ಲ ಮಾಯ. ಮೂವತ್ತಾರು ವರ್ಷ ದುಡಿದ ಮನುಷ್ಯ ಹಾರ ಹಾಕಿಸಿಕೊಂಡು ಹೋಗುವ ದಿನ ಈ ಕಾಗದವನ್ನು ಕೈಯಲ್ಲಿ ಹಿಡಿದು ನಮ್ಮ ಮೇಜಿನ ಮುಂದೆ ನಿಂತಿದ್ದರು.

ನಾವು ದೂರು ದಾಖಲಿಸಿದೆವು. ಟಿಕೆಟು ನಂಬರು ಬಂತು. ನಾಲ್ಕನೆಯ ದಿನ ಉತ್ತರ: ಗೊತ್ತುಪಡಿಸಿದ ವಿವರಣೆಯಂತೆಯೇ ಕೆಲಸ ಮಾಡುತ್ತಿದೆ, ದೂರು ಮುಕ್ತಾಯ. ಮತ್ತೆ ಬರೆದೆವು, ಮತ್ತೆ ಮುಕ್ತಾಯ. ಮೂರನೆಯ ಸಲ ಅವರಿಗೂ ಬೇಸರ ಬಂದಿರಬೇಕು, ವಿವರಣಾ ಪತ್ರದ ಆ ಪುಟವನ್ನೂ ಪರೀಕ್ಷೆಯ ಫಲಿತಾಂಶವನ್ನೂ ಲಗತ್ತಿಸಿ ಕಳಿಸಿದರು. ಆಗ ನಮಗೆ ಎಲ್ಲವೂ ಹೊಳೆಯಿತು. ಅಗತ್ಯಗಳನ್ನು ಬರೆದುಕೊಂಡವನು ‘ಗಳಿಕೆ ರಜೆಯ ಗರಿಷ್ಠ ಮಿತಿ 300’ ಎಂದು ಬರೆದಿದ್ದ. ಸರಿ. ಪ್ರೋಗ್ರಾಮು ಬರೆದವನು 300ಕ್ಕೆ ಕತ್ತರಿಸಿದ್ದ. ಅದೂ ಸರಿ. ಪರೀಕ್ಷಿಸಿದವನು 310 ಹಾಕಿ ನೋಡಿದ, 300 ಬಂತು, ಉತ್ತೀರ್ಣ ಎಂದು ಷರಾ ಹಾಕಿದ. ಅದೂ ಸರಿಯೇ. ಲೈನಿನಲ್ಲಿ ನಿಂತ ಮೂವರೂ ತಂತಮ್ಮ ತಿರುಪನ್ನು ಸರಿಯಾಗಿ ಬಿಗಿದಿದ್ದಾರೆ, ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಎಂಟು ದಿನ ಮಾತ್ರ ಅವರ ನಡುವಿನ ಸಂದಿನಲ್ಲಿ ಬಿದ್ದು ಹೋಯಿತು. ಮೂವರಲ್ಲಿ ಒಬ್ಬನಾದರೂ ಅರ್ಧ ತಾಸು ನಮ್ಮ ಮೇಜಿನ ಬಳಿ ಕುಳಿತು ಸೇವಾ ಪುಸ್ತಕದ ಒಂದು ಹಾಳೆಯನ್ನು ನೋಡಿದ್ದರೆ 295+15 ಎಂಬುದೇನೆಂದು ಕೇಳದೆ ಇರುತ್ತಿರಲಿಲ್ಲ. ಆದರೆ ಹಾಗೆ ಬಂದು ಕೂರುವುದು ಲೈನಿನ ಪದ್ಧತಿಗೆ ವಿರುದ್ಧ. ಅದಕ್ಕೆ ಯಾರ ಲೆಕ್ಕದಲ್ಲೂ ತಾಸು ಇಟ್ಟಿರುವುದಿಲ್ಲ.

ನಮ್ಮ ಕಟ್ಟಡದಲ್ಲೇ ಇರುವ ಹುಬ್ಬಳ್ಳಿ ಕಡೆಯವರ ಮಗಳು ಬೇರೊಂದು ಕಂಪನಿಯಲ್ಲಿ ಇಂಥದೇ ಕೆಲಸ ಮಾಡುತ್ತಾಳೆ. ಜಾಣೆ. ಈ ಕಥೆಯನ್ನು ಅವಳಿಗೆ ಹೇಳಿದೆವು. ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. “ಕಾಕಾ, ನಮ್ಮ ಕೈಗೆ ಬರೂದು ಒಂದು ತುಂಡು ಅಷ್ಟ. ಅದರ ಹಿಂದ ಏನೈತಿ, ಮುಂದ ಏನೈತಿ ಕೇಳಾಕ ಹೋದ್ರ ಅವತ್ತಿನ ಲೆಕ್ಕ ತುಂಬೂದಿಲ್ಲ. ಎರಡು ವರ್ಷ ಆತು, ನಾ ಮಾಡಿದ್ದನ್ನ ಯಾರು ಉಪಯೋಗ ಮಾಡ್ತಾರ ಅಂತ ನನಗ ಗೊತ್ತಿಲ್ಲ” ಎಂದಳು. ಅವಳ ತಾಯಿ ಚಹಾ ತಂದಿಡುತ್ತ, “ಪಗಾರ ಚಲೋ ಐತಲ್ಲ, ಮತ್ತ್ಯಾಕ ಬೇಕು ಆ ಉಸಾಬರಿ” ಎಂದರು. ತಾಯಿಯ ಮಾತನ್ನೂ ನಾವು ಹಗುರಾಗಿ ನೋಡುವುದಿಲ್ಲ. ಒಂದು ಖೋಲಿಯಲ್ಲಿ ಆರು ಜನ ಇದ್ದು ಮಕ್ಕಳನ್ನು ಓದಿಸಿದ ಮನೆ ಅದು.

ಎದುರು ಪಕ್ಷಕ್ಕೆ ಹೇಳುವುದು ಇಲ್ಲವೆಂದಲ್ಲ. ಅದನ್ನು ಮುಚ್ಚಿಟ್ಟು ವಾದಿಸುವುದು ನಮಗೆ ಒಗ್ಗದು. ಜಪಾನಿನ ಹಿಟಾಚಿಯವರು 1969ರಲ್ಲೇ ಸಾಫ್ಟ್‌ವೇರ್ ಕಾರಖಾನೆ ತೆರೆದರು. ತೋಷಿಬಾದವರು 1977ರಲ್ಲಿ ಫುಚುವಿನಲ್ಲಿ ತೆರೆದರು. ಅಲ್ಲಿಂದ ತಪ್ಪುಗಳು ಕಡಿಮೆ ಇರುವ ಒಳ್ಳೆಯ ಮಾಲೇ ಹೊರಬಂತು. ಆದರೆ ಫುಚುವಿನವರ ಮುಖ್ಯ ಕೆಲಸ ವಿದ್ಯುತ್ ಸ್ಥಾವರಗಳಂಥವನ್ನು ನಿಯಂತ್ರಿಸುವ ಸಾಫ್ಟ್‌ವೇರ್. ಒಂದು ಸ್ಥಾವರ ಇನ್ನೊಂದನ್ನು ಬಹಳಷ್ಟು ಹೋಲುತ್ತದೆ, ಹಳೆಯ ಭಾಗವನ್ನು ಮತ್ತೆ ಬಳಸಬಹುದು. ಅದೇ ಹೊತ್ತಿಗೆ ಅಮೆರಿಕದ ಸಿಸ್ಟಮ್ ಡೆವಲಪ್‌ಮೆಂಟ್ ಕಾರ್ಪೊರೇಶನ್ ‘ಸಾಫ್ಟ್‌ವೇರ್ ಫ್ಯಾಕ್ಟರಿ’ ಎಂಬ ಹೆಸರಿನಲ್ಲೇ ಪ್ರಯೋಗ ನಡೆಸಿತು. ಬಗೆಬಗೆಯ ಕೆಲಸಗಳನ್ನು ಒಂದೇ ಲೈನಿಗೆ ಹಾಕಹೋಗಿ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು. ನಮ್ಮ ದೇಶದ ಕಂಪನಿಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆ ರೂಪಿಸಿದ ಐದು ಮೆಟ್ಟಿಲುಗಳ ಪದ್ಧತಿಯನ್ನು ಹಿಡಿದವು. 2000ದ ಸುಮಾರಿಗೆ ಜಗತ್ತಿನಲ್ಲಿ ಐದನೆಯ ಮೆಟ್ಟಿಲು ಮುಟ್ಟಿದವುಗಳಲ್ಲಿ ದೊಡ್ಡ ಪಾಲು ನಮ್ಮದೇ ಆಗಿತ್ತು. 1998-99ರಲ್ಲಿ ಎರಡಂಕಿಯಲ್ಲಿ ಬರೆದ ವರ್ಷಗಳನ್ನೆಲ್ಲ ನಾಲ್ಕಂಕಿಗೆ ತಿದ್ದುವ ಕೆಲಸವನ್ನು ನಮ್ಮ ಹುಡುಗರು ಲೈನು ಹಾಕಿಯೇ ಮಾಡಿದರು. ಆ ಅನ್ನವನ್ನು ಉಂಡ ಮನೆಗಳು ನಮ್ಮ ಸಂಘದಲ್ಲೂ ಇವೆ. ಒಂದೇ ಬಗೆಯ ತಿದ್ದುಪಡಿ ಲಕ್ಷಾಂತರ ಸಾಲುಗಳಲ್ಲಿ ಆಗಬೇಕಾಗಿದ್ದಾಗ ಲೈನು ತಕ್ಕದ್ದೇ. ಪರೀಕ್ಷೆಗಳನ್ನು ದಿನಾ ತಪ್ಪದೆ ಓಡಿಸುವುದು, ಹಳೆಯ ಪ್ರತಿಗಳನ್ನು ಜೋಪಾನವಾಗಿಡುವುದು ಇವನ್ನೂ ಯಂತ್ರಕ್ಕೆ ಒಪ್ಪಿಸಲಿ, ನಮ್ಮ ತಕರಾರಿಲ್ಲ. ಬುದ್ಧಿಯನ್ನೇ ಒಪ್ಪಿಸಿ ಎಂದಾಗ ತಕರಾರು.

ಹಳೆಯ ಭಾಗವನ್ನು ಕಣ್ಣು ಮುಚ್ಚಿ ಹೊಸದಕ್ಕೆ ಜೋಡಿಸಿದರೆ ಏನಾಗುತ್ತದೆಂಬುದಕ್ಕೆ ಆಕಾಶದಷ್ಟು ದೊಡ್ಡ ಸಾಕ್ಷಿಯಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಯುರೋಪಿನ ಏರಿಯಾನ್ 5 ರಾಕೆಟ್ಟು ಮೊದಲ ಬಾರಿ ಹಾರಿತು. ಸುಮಾರು 40 ಸೆಕೆಂಡಿನಲ್ಲಿ ನಾಲ್ಕು ಉಪಗ್ರಹಗಳ ಸಮೇತ ಚೂರಾಯಿತು. ದಿಕ್ಕು ತಿಳಿಸುವ ಉಪಕರಣದ ಸಾಫ್ಟ್‌ವೇರನ್ನು ಹಳೆಯ ಏರಿಯಾನ್ 4ರಿಂದ ಎತ್ತಿ ತಂದಿದ್ದರು. ಹಳೆಯ ರಾಕೆಟ್ಟಿನಲ್ಲಿ ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ. ಹೊಸ ರಾಕೆಟ್ಟು ಅಡ್ಡಕ್ಕೆ ಹೆಚ್ಚು ವೇಗವಾಗಿ ಸರಿಯಿತು, ಸಂಖ್ಯೆ ತನಗಿಟ್ಟ 16 ಬಿಟ್ಟಿನ ಡಬ್ಬಿಯಲ್ಲಿ ಹಿಡಿಸಲಿಲ್ಲ, ಉಪಕರಣ ಸ್ತಬ್ಧವಾಯಿತು. ಅದರ ಜೊತೆಗಿದ್ದ ಇನ್ನೊಂದು ಉಪಕರಣದಲ್ಲೂ ಅದೇ ಪ್ರೋಗ್ರಾಮು, ಅದೂ ಸ್ತಬ್ಧ. ತಮಾಷೆಯೆಂದರೆ, ರಾಕೆಟ್ಟು ನೆಲ ಬಿಟ್ಟ ಮೇಲೆ ಆ ಲೆಕ್ಕದಿಂದ ಏರಿಯಾನ್ 5ಕ್ಕೆ ಯಾವ ಉಪಯೋಗವೂ ಇರಲಿಲ್ಲ! ನಟ್ಟು ಬೋಲ್ಟು ಎಲ್ಲಿ ಹಾಕಿದರೂ ನಟ್ಟು ಬೋಲ್ಟೇ. ಪ್ರೋಗ್ರಾಮಿನ ತುಂಡು ಹಾಗಲ್ಲ. ಕೂತ ಜಾಗ ಬದಲಾದರೆ ಅದರ ಅರ್ಥವೂ ಬದಲಾಗುತ್ತದೆ.

ಲೈನು ತಡವಾದರೆ ಆಳು ಹೆಚ್ಚಿಸು ಎಂಬುದು ಇವರ ಇನ್ನೊಂದು ಮಂತ್ರ. ಐ.ಬಿ.ಎಂ. ಕಂಪನಿಯ ದೊಡ್ಡ ಗಣಕಗಳಿಗೆ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿ ಕೈಸುಟ್ಟುಕೊಂಡ ಫ್ರೆಡ್ ಬ್ರೂಕ್ಸ್ ಎಂಬವರು 1975ರಲ್ಲೇ ಪುಸ್ತಕ ಬರೆದು, ತಡವಾದ ಸಾಫ್ಟ್‌ವೇರಿಗೆ ಆಳು ಸುರಿದರೆ ಅದು ಇನ್ನೂ ತಡವಾಗುತ್ತದೆಂದು ಎಚ್ಚರಿಸಿದರು. ನಮಗೆ ಇದನ್ನು ಮಾರ್ಚ್ ತಿಂಗಳು ಪ್ರತಿವರ್ಷ ಕಲಿಸುತ್ತದೆ. ಬಾಕಿ ತೀರಿಸಲೆಂದು ಬೇರೆ ವಿಭಾಗದಿಂದ ಮೂವರನ್ನು ಕಳಿಸುತ್ತಾರೆ. ಯಾವ ರಜಿಸ್ಟರು ಎಲ್ಲಿದೆಯೆಂದು ತೋರಿಸುವುದರಲ್ಲೇ ನಮ್ಮ ಒಂದು ವಾರ ಹೋಗುತ್ತದೆ.

ಇನ್ನು ಕಾರು ಮಾಡುವವರನ್ನೇ ಗುರುವೆಂದು ಹಿಡಿಯುವುದಾದರೆ ಟೊಯೋಟಾದವರನ್ನಾದರೂ ಪೂರ್ತಿ ಹಿಡಿಯಬೇಕಿತ್ತು. ಅವರ ಲೈನಿನಲ್ಲಿ ಒಂದು ಹಗ್ಗ ತೂಗಾಡುತ್ತದೆ. ತಪ್ಪು ಕಂಡ ಕೆಲಸಗಾರ, ಅವನು ನಿನ್ನೆ ಸೇರಿದವನೇ ಇರಲಿ, ಅದನ್ನು ಎಳೆಯಬಹುದು. ಮೇಲಿನವರು ಓಡಿ ಬರುತ್ತಾರೆ, ಬೇಕಾದರೆ ಲೈನು ನಿಲ್ಲುತ್ತದೆ. ನಮ್ಮ ಕಟ್ಟಡದ ಹುಡುಗಿಯ ಮೇಜಿನ ಮೇಲೆ ಅಂಥ ಹಗ್ಗವಿದೆಯೇ? ಕೇಳಿದೆವು. “ಹಗ್ಗ ಎಲ್ಲೀದು ಕಾಕಾ, ಟೈಮ್‌ಶೀಟ್ ಐತಿ” ಎಂದಳು.

ಯಂತ್ರವೇ ಬರೆಯುತ್ತದೆ ಎಂಬ ಹೊಸ ಮಾತಿಗೂ ಉತ್ತರ ಇದರಲ್ಲೇ ಇದೆ. ಬರೆಯಲಿ. ಗರಿಷ್ಠ ಮಿತಿ 300 ಎಂದು ಹೇಳಿದರೆ ಅದು ಕ್ಷಣದಲ್ಲಿ 300ಕ್ಕೆ ಕತ್ತರಿಸುವ ಪ್ರೋಗ್ರಾಮನ್ನು ಬರೆದು, ಪರೀಕ್ಷೆಯನ್ನೂ ತಾನೇ ಬರೆದು, ಉತ್ತೀರ್ಣ ಎಂದು ಷರಾ ಹಾಕೀತು. ತಿಂಗಳು ಹಿಡಿಯುತ್ತಿದ್ದ ತಪ್ಪು ಒಂದು ಗಂಟೆಯಲ್ಲಿ ತಯಾರಾದೀತು. ಆ ಯಂತ್ರದ ಎದುರು ಕೂರುವವರು 295+15ನ್ನು ಕೇಳಿ ತಿಳಿದವರಾಗಿರಬೇಕೋ, ಲೈನಿನಲ್ಲಿ ತುಂಡು ಸಾಗಿಸಿ ಪಳಗಿದವರಾಗಿರಬೇಕೋ? ಅತಿಥಿಗಳು ಆ ವೇದಿಕೆಯ ಮೇಲೆ ನಿಂತು ಮಕ್ಕಳಿಗೆ ಎರಡನೆಯದನ್ನು ಬೋಧಿಸಿದರು ಎಂಬುದೇ ನಮ್ಮ ಸಿಟ್ಟು.

ಸಿಟ್ಟಿಗೆ ಇನ್ನೂ ಒಂದು ಕಾರಣವಿದೆ, ಅದು ಈ ಊರಿನದು. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದ ಬಳಿಕ ಪರೇಲ್-ಲಾಲಬಾಗ್ ಕಡೆಯ ಗಿರಣಿಗಳು ಒಂದೊಂದಾಗಿ ಬಾಗಿಲೆಳೆದಾಗ ಬೀದಿಗೆ ಬಿದ್ದವರಲ್ಲಿ ನಮ್ಮವರೂ ಇದ್ದರು. ಸಂಘದ ಗ್ರಂಥಾಲಯಕ್ಕೆ ಸಂಜೆ ಬಂದು ಪೇಪರು ಓದುತ್ತಿದ್ದ ಒಬ್ಬ ಅಜ್ಜನನ್ನು ನಾವು ಹೊಸದಾಗಿ ಬಂದಾಗ ಕಂಡಿದ್ದೆವು. ಇಪ್ಪತ್ತೆರಡು ವರ್ಷ ಹರಿದ ಎಳೆ ಜೋಡಿಸಿದ್ದವರು, ಆಮೇಲೆ ಒಂದು ಸೊಸೈಟಿಯಲ್ಲಿ ವಾಚಮನ್ ಆದರು. “ನನಗೆ ಎಳೆ ಗೊತ್ತಿತ್ತು, ಬಟ್ಟೆ ಗೊತ್ತಿರಲಿಲ್ಲ” ಎಂದು ಅವರು ಒಮ್ಮೆ ಅಂದದ್ದು ನೆನಪಿದೆ. ಬಟ್ಟೆ ಗೊತ್ತಿದ್ದವರು ಭಿವಂಡಿಗೋ ಇನ್ನೆಲ್ಲಿಗೋ ಹೋಗಿ ಹೇಗೋ ಬದುಕಿಕೊಂಡರು. ಇವತ್ತು ನಲವತ್ತು ದಾಟಿದ ಸಾಫ್ಟ್‌ವೇರ್ ಮಂದಿಯನ್ನು ಒಂದು ಈ-ಮೇಲ್ ಕಳಿಸಿ ಮನೆಗೆ ಅಟ್ಟುವ ಸುದ್ದಿ ಬಂದಾಗಲೆಲ್ಲ ಆ ಅಜ್ಜ ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ.

ನಮ್ಮ ಹಿರಿಯರ ಎಂಟು ದಿನದ ಹಣ ಹನ್ನೊಂದು ತಿಂಗಳ ಮೇಲೆ ಬಂತು, ಗಣಕದಿಂದಲ್ಲ, ಕೈಬರಹದ ಟಿಪ್ಪಣಿಯ ಮೇಲೆ ವಿಶೇಷ ಆದೇಶವಾಗಿ. ಸಾಫ್ಟ್‌ವೇರ್ ಇಂದಿಗೂ 300ಕ್ಕೆ ಕತ್ತರಿಸುತ್ತಿದೆ. ಆದ್ದರಿಂದ ಜನವರಿ ಮತ್ತು ಜುಲೈ ಮೊದಲ ವಾರ 285 ದಾಟಿದವರ ಪಟ್ಟಿಯನ್ನು ನಾವು ಪೆನ್ಸಿಲಿನಿಂದ ಬರೆದು ಡ್ರಾವರಿನಲ್ಲಿ ಇಟ್ಟುಕೊಳ್ಳುತ್ತೇವೆ.

ಮಾನ್ಯ ಅತಿಥಿಗಳಿಗೆ ನಮ್ಮದೊಂದು ಆಮಂತ್ರಣ. ಕಾರ್ಯದರ್ಶಿಗಳು ಒಪ್ಪಿದ್ದಾರೆ, ಮುಂದಿನ ತಿಂಗಳ ಎರಡನೆಯ ರವಿವಾರ ಸಂಜೆ ಐದಕ್ಕೆ ಸಭಾಗೃಹ ಖಾಲಿ ಇದೆ. ಅವರು ಬಂದು ತಮ್ಮ ಪಕ್ಷವನ್ನು ಮಂಡಿಸಲಿ, ಅದೇ ಮಕ್ಕಳೂ ಕೇಳಲಿ. ಸೇವಾ ಪುಸ್ತಕವನ್ನು ಕಚೇರಿಯಿಂದ ಹೊರಗೆ ತರುವಂತಿಲ್ಲ. ರಜೆ ನಿಯಮಗಳ ಪುಸ್ತಕವನ್ನು ನಾವು ತರುತ್ತೇವೆ.